ಅರ್ಥಧಾರಿಯೂ ಪಾತ್ರದ ಪೂರ್ವವೃತ್ತವೂ

ರಂಗಸ್ಥಳಕ್ಕೆ ಬರುವ ಪಾತ್ರಕ್ಕೆ ವೇಷವೇ ಅರ್ಧ ಪರಿಚಯವನ್ನು ಮಾಡಿಕೊಡುತ್ತದೆ. ಕಿರೀಟ, ಭುಜಕೀರ್ತಿಗಳನ್ನು ಕಂಡೊಡನೆ ಅರಸನೆಂದೂ, ಜಟೆ ಕಮಂಡಲಗಳನ್ನು ಕಂಡೊಡನೆ ತಪಸ್ವಿಯೆಂದೂ ನಾವು ತಿಳಿದುಕೊಳ್ಳುತ್ತೇವೆ. ಆದರೆ ಬಣ್ಣವಿಲ್ಲದೆ, ಕುಣಿತವಿಲ್ಲದೆ, ಪಂಚೆಯುಟ್ಟು ಶಾಲು ಹೊದೆದು ಕುಳಿತ ಒಬ್ಬ ಮನುಷ್ಯನು “ನಾನು ಕಿಷ್ಕಿಂಧೆಯ ವಾಲಿ” ಎಂದರೆ ಅದನ್ನು ನಾವು ಏಕೆ ನಂಬಬೇಕು? ಅದೇ ಮನುಷ್ಯನು ಬೆಳಗ್ಗೆ ಸೊಸೈಟಿಯ ಮುಂದೆ ಗೊಬ್ಬರದ ಚೀಲಕ್ಕಾಗಿ ನಿಂತಿದ್ದುದನ್ನು ನಾವೇ ಕಂಡಿರುತ್ತೇವೆ. ತಾಳಮದ್ದಳೆಯ ಸೊಗಸೂ ಕಷ್ಟವೂ ಈ ಒಂದು ಪ್ರಶ್ನೆಯಲ್ಲಿ ಅಡಗಿವೆ. ಕೇಳುಗರಲ್ಲಿ ಈ ನಂಬಿಕೆಯನ್ನು ಹುಟ್ಟಿಸಲು ಅರ್ಥಧಾರಿಗೆ ಇರುವ ಮುಖ್ಯ ಬಂಡವಾಳವೆಂದರೆ ಪಾತ್ರದ ಪೂರ್ವವೃತ್ತ, ಅಂದರೆ ಈ ಗಳಿಗೆಗೆ ಮೊದಲು ಆ ಪಾತ್ರವು ಬದುಕಿದ ಬದುಕು. ಅದನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ನನ್ನ ಅಲ್ಪ ತಿಳಿವಳಿಕೆಗೆ ನಿಲುಕಿದಷ್ಟು ಇಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವಾಚಕರಿಗೆ ತಾಳಮದ್ದಳೆಯ ಪರಿಚಯವನ್ನು ಹೇಳಬೇಕಾದುದಿಲ್ಲ. ಆದರೂ ಬಯಲುಸೀಮೆಯಿಂದ ಬಂದ ಸಹಪಾಠಿಗಳಿಗಾಗಿ ನಾಲ್ಕು ಮಾತು. ಯಕ್ಷಗಾನದ ಮೇಳಗಳು ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ಸುಮಾರಿಗೆ, ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ತಾಳಮದ್ದಳೆಯ ಕೂಟಗಳು ಏಳುತ್ತವೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಮದ್ದಳೆ, ಚೆಂಡೆಗಳು ಜೊತೆಗೂಡುತ್ತವೆ. ಪದ್ಯ ಮುಗಿದೊಡನೆ ಆ ಪಾತ್ರವನ್ನು ವಹಿಸಿದ ಅರ್ಥಧಾರಿಯು ಪದ್ಯದ ಭಾವವನ್ನು ಮಾತಾಗಿ ಬೆಳೆಸುತ್ತಾನೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿಗೆ ಕುಳಿತವನು ಏನು ಕೇಳುವನೆಂಬುದೂ ಮೊದಲೇ ತಿಳಿದಿರುವುದಿಲ್ಲ. ಕುಳಿತಲ್ಲಿಯೇ ಕಿಷ್ಕಿಂಧೆಯನ್ನೂ ಕುರುಕ್ಷೇತ್ರವನ್ನೂ ಬರಿಯ ಮಾತಿನಿಂದ ಎಬ್ಬಿಸಬೇಕು.

ಇಂಥದೇ ಒಂದು ವಿನೋದವು ಪಶ್ಚಿಮದಲ್ಲಿಯೂ ಹುಟ್ಟಿದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಕಥೆ ನಡೆಸುತ್ತಾರೆ. ಕಥೆಯ ಸೂತ್ರವನ್ನು ಹಿಡಿದವನೊಬ್ಬನು ಇರುತ್ತಾನೆ. ಸಂದೇಹದ ಸ್ಥಳಗಳಲ್ಲಿ ದಾಳ ಉರುಳುತ್ತದೆ. ಈಗ ನಮ್ಮ ಬೆಂಗಳೂರಿನ ತರುಣರೂ ಇದನ್ನು ಆಡುತ್ತಾರೆ. ಆ ಆಟದಲ್ಲಿಯೂ ಮೊದಲ ಕೆಲಸ ಪಾತ್ರದ ಹಿನ್ನೆಲೆಯನ್ನು ಬರೆದುಕೊಳ್ಳುವುದೇ. 2014ರ ಆವೃತ್ತಿಯಲ್ಲಿ ಇದಕ್ಕೆಂದೇ ನಾಲ್ಕು ಅಂಶಗಳನ್ನು ಗೊತ್ತುಮಾಡಿದರು: ಪಾತ್ರದ ಲಕ್ಷಣ, ಅದರ ಆದರ್ಶ, ಅದಕ್ಕಿರುವ ನಂಟು, ಅದರ ದೋಷ. ಇದು ಒಳ್ಳೆಯ ವಿಂಗಡಣೆಯೇ. ಆದರೆ ಕಾಗದದ ಮೇಲೆ ನಾಲ್ಕು ಸಾಲು ತುಂಬಿಸಿದ ಮಾತ್ರಕ್ಕೆ ಪಾತ್ರ ಬದುಕುವುದೆ? ಈ ಪ್ರಶ್ನೆಗೆ ನಮ್ಮ ಜಗಲಿಯ ಕೂಟಗಳು ಬಹುಕಾಲದಿಂದ ಉತ್ತರ ಹೇಳುತ್ತ ಬಂದಿವೆ ಎಂಬುದು ನನ್ನ ಅಭಿಪ್ರಾಯ.

ಪ್ರಸಂಗವು ಬಿಟ್ಟ ಎಡೆ

ಪ್ರಸಂಗಕರ್ತನು ಮಿತಭಾಷಿ. ರಾಮಾಯಣದ ಪ್ರಸಂಗಗಳಿಂದ ಪ್ರಸಿದ್ಧನಾದ ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳಲ್ಲಿಯೂ ನಡೆದ ಸಂಗತಿ ಇದೆ, ಆಡಿದ ಮಾತಿನ ಸಾರವಿದೆ. ಆ ಮಾತನ್ನು ಆಡುವವನ ಎದೆಯಲ್ಲಿ ಏನಿತ್ತೆಂಬುದನ್ನು ಅರ್ಥಧಾರಿಗೇ ಬಿಡಲಾಗಿದೆ. ಈ ಎಡೆಯನ್ನು ತುಂಬಲು ಮೂರು ಕಣಜಗಳಿವೆ. ಮೊದಲನೆಯದು ಪ್ರಸಂಗವೇ, ಪಾತ್ರವು ಮುಂದೆ ಎಲ್ಲಿ ಸೋಲುವುದು, ಎಲ್ಲಿ ಅಳುವುದು ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಎರಡನೆಯದು ಪುರಾಣ ಕಾವ್ಯಗಳು. ವ್ಯಾಸ ವಾಲ್ಮೀಕಿಗಳು, ಪಂಪ, ಕುಮಾರವ್ಯಾಸರು. ಮೂರನೆಯದು ಲೋಕಾನುಭವ.

ಈ ಮೂರನೆಯದನ್ನು ಅನೇಕರು ಮರೆಯುತ್ತಾರೆ. ಹಿಂದೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರದ ಸುತ್ತಿನಲ್ಲಿ ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಗದ್ದೆ ಮನೆಗಳನ್ನು ಬಿಟ್ಟುಕೊಟ್ಟ ಕುಟುಂಬಗಳಿವೆ. ಆ ಮನೆಗಳ ಹಿರಿಯರು ಬೇಸಿಗೆಯಲ್ಲಿ ನೀರು ಇಳಿದಾಗ ಕೈ ಚಾಚಿ “ನಮ್ಮ ಕಣ ಅಲ್ಲಿತ್ತು” ಎನ್ನುವ ಧ್ವನಿಯನ್ನು ಕೇಳಿದವನು ಇಂದ್ರಪ್ರಸ್ಥವನ್ನು ಕಳೆದುಕೊಂಡ ಧರ್ಮರಾಯನ ಅರ್ಥವನ್ನು ಹೇಳಲು ಬೇರೆ ಗ್ರಂಥವನ್ನು ಹುಡುಕಬೇಕಾಗಿಲ್ಲ. ಗ್ರಂಥವು ಸಂಗತಿಯನ್ನು ಕೊಡುತ್ತದೆ. ಧ್ವನಿಯನ್ನು ಲೋಕ ಕೊಡುತ್ತದೆ.

ವಂಶಾವಳಿಯಲ್ಲ, ಒಂದು ಘಟನೆ

ಹೊಸದಾಗಿ ಅರ್ಥ ಹೇಳುವವರ ಪೀಠಿಕೆಯನ್ನು ಕೇಳಿದರೆ ಅದು ಬಹುಮಟ್ಟಿಗೆ ವಂಶಾವಳಿಯಾಗಿರುತ್ತದೆ. ತಂದೆ ಇಂಥವನು, ಅಜ್ಜ ಇಂಥವನು, ಪಡೆದ ವರಗಳು ಇಷ್ಟು, ಗೆದ್ದ ಯುದ್ಧಗಳು ಇಷ್ಟು ಎಂದು ಅರ್ಧ ಗಂಟೆ ಕಳೆಯುತ್ತದೆ. ಕೇಳುಗರು ಕವಳದ ತಟ್ಟೆಯ ಕಡೆಗೆ ಕೈ ಚಾಚುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದರಿಂದ ಮುಂದಿನ ಮಾತಿಗೆ ಉಪಯೋಗವೂ ಇಲ್ಲ. ಪೂರ್ವವೃತ್ತಕ್ಕೆ ಬೇಕಾದುದು ನೂರು ಸಂಗತಿಗಳಲ್ಲ. ಪಾತ್ರವು ಇಂದಿಗೂ ಮರೆಯಲಾರದ ಒಂದು ಘಟನೆ.

ವಾಲಿಯನ್ನು ತೆಗೆದುಕೊಳ್ಳೋಣ. ವಾಲ್ಮೀಕಿ ರಾಮಾಯಣದ ಪ್ರಕಾರ ಮಾಯಾವಿ ಎಂಬ ಅಸುರನು ನಡುರಾತ್ರಿ ಕಿಷ್ಕಿಂಧೆಯ ಬಾಗಿಲಿಗೆ ಬಂದು ಗರ್ಜಿಸುತ್ತಾನೆ. ವಾಲಿ ಅವನನ್ನು ಅಟ್ಟಿಕೊಂಡು ಹೋಗುತ್ತಾನೆ; ತಮ್ಮನೂ ಜೊತೆಗೆ ಹೋಗುತ್ತಾನೆ. ಅಸುರನು ಗುಹೆಯನ್ನು ಹೊಕ್ಕಾಗ ಬಾಗಿಲಲ್ಲಿ ಕಾಯುವಂತೆ ಸುಗ್ರೀವನಿಗೆ ಹೇಳಿ ವಾಲಿ ಒಳಗೆ ನುಗ್ಗುತ್ತಾನೆ. ಒಂದು ವರ್ಷ ಕಳೆಯುತ್ತದೆ. ಗುಹೆಯಿಂದ ನೊರೆಗೂಡಿದ ರಕ್ತ ಹರಿದು ಬರುತ್ತದೆ. ಅಣ್ಣ ಸತ್ತನೆಂದು ಬಗೆದ ಸುಗ್ರೀವನು ಬಾಗಿಲಿಗೆ ಬಂಡೆಯನ್ನಿಟ್ಟು, ತರ್ಪಣ ಬಿಟ್ಟು, ಊರಿಗೆ ಮರಳುತ್ತಾನೆ. ಮಂತ್ರಿಗಳು ಅವನಿಗೆ ಪಟ್ಟ ಕಟ್ಟುತ್ತಾರೆ. ಇತ್ತ ಅಸುರನನ್ನು ಕೊಂದ ವಾಲಿ ಹಿಂದಿರುಗಿ ನೋಡಿದರೆ ದಾರಿ ಮುಚ್ಚಿದೆ. ತಮ್ಮನನ್ನು ಹೆಸರು ಹಿಡಿದು ಕೂಗುತ್ತಾನೆ, ಉತ್ತರವಿಲ್ಲ.

ವಾಲಿಯ ಪಾತ್ರಕ್ಕೆ ಬೇಕಾದುದೆಲ್ಲವೂ ಆ ಬಂಡೆಯ ಹಿಂದಿನ ಕತ್ತಲೆಯಲ್ಲಿದೆ. ಕೂಗಿದಾಗ ಅವನಿಗೆ ಮೊದಲು ಬಂದುದು ಕೋಪವೋ, ತಮ್ಮನಿಗೆ ಏನಾಯಿತೋ ಎಂಬ ಭಯವೋ? ಭಯವೆಂದು ಇಟ್ಟುಕೊಂಡರೆ, ಊರಿಗೆ ಬಂದು ಸಿಂಹಾಸನದ ಮೇಲೆ ತಮ್ಮನನ್ನು ಕಂಡ ಗಳಿಗೆಯಲ್ಲಿ ಆ ಪ್ರೀತಿಯೇ ವಿಷವಾಗುತ್ತದೆ. ಅಂಥ ವಾಲಿಗೆ ರಾಮನು ಮರೆಯಲ್ಲಿ ನಿಂತು ಬಾಣ ಬಿಟ್ಟಾಗ ಮತ್ತೊಮ್ಮೆ ಅದೇ ಗಾಯ; ಅಂದು ಬಂಡೆಯ ಮರೆ, ಇಂದು ಮರದ ಮರೆ. ಹೀಗೆ ಒಂದೇ ಘಟನೆಯಿಂದ ಕೊನೆಯ ಸಂವಾದದವರೆಗೆ ಒಂದು ಎಳೆ ಸಾಗಿಬರುತ್ತದೆ. ಕೋಪವೆಂದು ಇಟ್ಟುಕೊಂಡರೆ ಬೇರೊಬ್ಬ ವಾಲಿ; ತಮ್ಮನನ್ನು ಎಂದೂ ನಂಬದಿದ್ದ ಅರಸ. ಎರಡೂ ಸಾಧ್ಯ, ಒಂದನ್ನು ಆರಿಸಿಕೊಳ್ಳಬೇಕು.

ವಾಲಿ, ರಾವಣರಂಥ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಪಾತ್ರಗಳ ಪಕ್ಷವನ್ನು ತರ್ಕದ ಬಲದಿಂದ ಎತ್ತಿ ನಿಲ್ಲಿಸಿದವರು. ಅವರ ಕೂಟಗಳ ಧ್ವನಿಮುದ್ರಣಗಳು ಇಂದು ಯೂಟ್ಯೂಬಿನಲ್ಲಿ ದೊರೆಯುತ್ತವೆ. ದೇರಾಜೆ ಸೀತಾರಾಮಯ್ಯ, ಮಲ್ಪೆಯ ಸಾಮಗ ಸಹೋದರರು, ಕುಂಬಳೆ ಸುಂದರ ರಾವ್ (1934–2022) ಇವರೆಲ್ಲ ತಮ್ಮ ತಮ್ಮ ದಾರಿಯನ್ನು ಹಿಡಿದವರು. ಒಂದೇ ಪಾತ್ರವನ್ನು ಇಬ್ಬರು ಹಿರಿಯರ ಬಾಯಲ್ಲಿ ಕೇಳಿ, ಅವರು ಯಾವ ಘಟನೆಯನ್ನು ಹಿಡಿದುಕೊಂಡರೆಂದು ಗುರುತು ಹಾಕಿಕೊಳ್ಳುವುದು ಅಭ್ಯಾಸಿಗೆ ಒಳ್ಳೆಯ ಪಾಠ.

ಹೊತ್ತ ಋಣ

ಘಟನೆಯಾದ ಮೇಲೆ ಕೇಳಬೇಕಾದ ಪ್ರಶ್ನೆ: ಈ ಪಾತ್ರವು ಯಾರಿಗೆ ಏನನ್ನು ಕೊಡಬೇಕಾಗಿದೆ? ಶಲ್ಯನ ಕಥೆ ಇದಕ್ಕೆ ಉತ್ತಮ ನಿದರ್ಶನ. ಮಾದ್ರಿಯ ಅಣ್ಣನಾದ ಅವನು ಸೋದರಳಿಯಂದಿರ ಕಡೆಗೆ ಸೇರಲೆಂದೇ ಸೈನ್ಯ ಸಮೇತ ಹೊರಡುತ್ತಾನೆ. ದಾರಿಯಲ್ಲಿ ಯಾರೋ ಮಾಡಿದ ಸತ್ಕಾರಕ್ಕೆ ಮೆಚ್ಚಿ, ಅದು ಧರ್ಮರಾಯನ ಏರ್ಪಾಟೆಂದು ತಿಳಿದು, ಬೇಕಾದುದನ್ನು ಕೊಡುವೆನೆಂದು ಮಾತು ಕೊಡುತ್ತಾನೆ. ಎದುರಿಗೆ ಬಂದು ನಿಂತವನು ದುರ್ಯೋಧನ! ಮುಂದೆ ಧರ್ಮರಾಯನೂ ಅವನಿಂದ ಇನ್ನೊಂದು ಮಾತನ್ನು ಪಡೆಯುತ್ತಾನೆ. ಕರ್ಣನ ಸಾರಥಿಯಾದಾಗ ಅವನ ಕೆಚ್ಚನ್ನು ಕುಗ್ಗಿಸಬೇಕೆಂದು. ಒಂದು ಕಡೆ ಉಂಡ ಅನ್ನ, ಇನ್ನೊಂದು ಕಡೆ ರಕ್ತದ ನಂಟು. ಕರ್ಣಪರ್ವದ ರಥದಲ್ಲಿ ಶಲ್ಯನು ಆಡುವ ಪ್ರತಿ ಮಾತಿಗೂ ಈ ಎರಡು ಋಣಗಳ ಭಾರವಿದೆ. ಇದನ್ನು ತಿಳಿಯದೆ ಅರ್ಥ ಹೇಳಿದರೆ ಶಲ್ಯನು ಬರಿಯ ಬಾಯಿಬಡುಕನಾಗುತ್ತಾನೆ.

ಪಶ್ಚಿಮದ ಆಟದಲ್ಲಿ ‘ನಂಟು’ ಎಂದು ಕರೆದುದು ಇದನ್ನೇ. ಆದರೆ ನಂಟು ಎಂದರೆ ಪ್ರೀತಿಯೆಂದಷ್ಟೇ ಭಾವಿಸಬಾರದು. ಪಾತ್ರವನ್ನು ನಡೆಸುವುದು ತೀರಿಸಲಾಗದ ಋಣ.

ಮುಚ್ಚಿಕೊಂಡ ಪಾದ

ಇನ್ನು ಪಾತ್ರವು ಬಾಯಿಬಿಟ್ಟು ಹೇಳಲಾರದ ಸಂಗತಿ. ಇದಕ್ಕೆ ಕರ್ಣನಿಗಿಂತ ಬೇರೆ ಉದಾಹರಣೆ ಬೇಕೆ? ರಾಜಕುಮಾರರ ಶಸ್ತ್ರವಿದ್ಯಾ ಪ್ರದರ್ಶನದಲ್ಲಿ ಅರ್ಜುನನಿಗೆ ಸಮನಾಗಿ ನಿಂತವನನ್ನು ಕೃಪಾಚಾರ್ಯರು ಕುಲವನ್ನು ಕೇಳುತ್ತಾರೆ. ಕರ್ಣನು ತಲೆ ತಗ್ಗಿಸುತ್ತಾನೆ. ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಅಭಿಷೇಕ ಮಾಡಿಸುತ್ತಾನೆ. ಇಷ್ಟನ್ನು ಎಲ್ಲ ಅರ್ಥಧಾರಿಗಳೂ ಹೇಳುತ್ತಾರೆ. ಆದರೆ ವ್ಯಾಸಭಾರತದ ಆದಿಪರ್ವದಲ್ಲಿ ಮುಂದೆ ಒಂದು ಸಣ್ಣ ಸಂಗತಿಯಿದೆ. ಸಾಕುತಂದೆ ಅಧಿರಥನು ಕೋಲೂರಿಕೊಂಡು, ಬೆವರುತ್ತ, ಜಾರುವ ಉತ್ತರೀಯದೊಡನೆ ರಂಗವನ್ನು ಪ್ರವೇಶಿಸುತ್ತಾನೆ. ಕರ್ಣನು ಬಿಲ್ಲನ್ನು ಕೆಳಗಿಟ್ಟು, ಅಭಿಷೇಕದ ನೀರಿನಿಂದ ಇನ್ನೂ ಒದ್ದೆಯಾಗಿರುವ ತಲೆಯನ್ನು ಬಾಗಿಸುತ್ತಾನೆ. ಆಗ ಅಧಿರಥನು ಗಡಿಬಿಡಿಯಿಂದ ತನ್ನ ಪಾದಗಳನ್ನು ಬಟ್ಟೆಯ ಸೆರಗಿನಿಂದ ಮುಚ್ಚಿಕೊಂಡು “ಮಗನೇ” ಎನ್ನುತ್ತಾನೆ.

ಏಕೆ ಮುಚ್ಚಿಕೊಂಡ? ಅರಸನಾದ ಮಗನ ತಲೆ ಸೂತನ ಪಾದಕ್ಕೆ ತಾಗಬಾರದೆಂದೆ? ಸಭೆಯ ಮುಂದೆ ಮಗನಿಗೆ ಅವಮಾನವಾದೀತೆಂದೆ? ಮಹಾಕವಿ ಕಾರಣವನ್ನು ಹೇಳದೆ ಮುಂದೆ ಸಾಗುತ್ತಾನೆ. ಅರ್ಥಧಾರಿಯಾದವನು ಇಲ್ಲಿ ನಿಲ್ಲಬೇಕು. ಮುಂದೆ ಕೃಷ್ಣನು ಬಂದು “ನೀನು ಕುಂತಿಯ ಮಗ, ಪಾಂಡವರ ಹಿರಿಯ” ಎಂದಾಗ ಕರ್ಣನು ರಾಜ್ಯವನ್ನು ಒಲ್ಲೆನೆನ್ನುವುದಕ್ಕೆ ಸ್ನೇಹ, ಸ್ವಾಮಿನಿಷ್ಠೆಗಳನ್ನು ಎಲ್ಲರೂ ಕಾರಣವಾಗಿ ಕೊಡುತ್ತಾರೆ. ಆ ಮುಚ್ಚಿಕೊಂಡ ಪಾದಗಳನ್ನು ಕಂಡ ಕರ್ಣನಿಗೆ ಇನ್ನೂ ಒಂದು ಕಾರಣವಿದೆ. ಕುಂತಿಯ ಮಗನೆಂದು ಒಪ್ಪಿಕೊಂಡರೆ ಆ ಪಾದಗಳು ಎಂದೆಂದಿಗೂ ಮುಚ್ಚಿಯೇ ಉಳಿಯುತ್ತವೆ. ಇದನ್ನು ಅವನು ಕೃಷ್ಣನಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವನ ಮಾತು ತಡವರಿಸುವಲ್ಲಿ ಕೇಳುಗರಿಗೆ ಅದು ತಿಳಿಯಬೇಕು.

ಈ ಸ್ಥಳವು ನನಗೆ ಬೇರೆಯವರಿಗಿಂತ ಹೆಚ್ಚಾಗಿ ತಟ್ಟಿದ್ದರೆ ಅದಕ್ಕೆ ಕಾರಣವುಂಟು. ನಮ್ಮ ಮನೆಯಲ್ಲಿ ಪದವಿಯ ಬಾಗಿಲಿಗೆ ಬಂದವರಲ್ಲಿ ನಾನೇ ಮೊದಲು. ನನ್ನ ಅಪ್ಪ ಕೊನೆಗಾರ; ಪರರ ತೋಟದಲ್ಲಿ ಮರವೇರಿ ಅಡಿಕೆಯ ಕೊನೆ ಇಳಿಸುವವರು. ಒಂದು ಅಂತರ ಕಾಲೇಜು ಸ್ಪರ್ಧೆಯಲ್ಲಿ ಹಿರಿಯರೊಬ್ಬರು ನನ್ನನ್ನು “ನಿಮ್ಮ ಮನೆಯಲ್ಲಿ ಯಾರು ಅರ್ಥ ಹೇಳುತ್ತಾರೆ?” ಎಂದು ಕೇಳಿದರು. “ಹೇಳುವವರಿಲ್ಲ, ಕೇಳುವವರಿದ್ದಾರೆ” ಎಂದೆ. ಅದು ನಿಜವೇ ಆಗಿತ್ತು. ಅಂಗಳದ ಅಂಚಿನಲ್ಲಿ ಕುಳಿತು ಇಡೀ ರಾತ್ರಿ ಕೇಳಿದ ಕರ್ಣಪರ್ವಗಳು ಅಪ್ಪನಿಗೆ ಕಂಠಸ್ಥವಾಗಿವೆ. ಎಲ್ಲಿ ಅರ್ಥಧಾರಿ ಸಡಿಲಿದ, ಎಲ್ಲಿ ಬಿಗಿದ ಎಂಬುದನ್ನು ಅವರು ಅಡಿಕೆ ಸುಲಿಯುತ್ತ ಹೇಳಬಲ್ಲರು. ಕುಲವನ್ನು ಕೇಳಿದಾಗ ಕರ್ಣನ ಬಾಯಿ ಏಕೆ ಕಟ್ಟಿತೆಂಬುದನ್ನು ತಿಳಿಯಲು ಪಾಂಡಿತ್ಯದ ಮನೆತನ ಬೇಕೇಬೇಕೆಂದಿಲ್ಲ. ಕೆಲವು ಪಾತ್ರಗಳ ಪೂರ್ವವೃತ್ತವು ಅಂಗಳದಲ್ಲಿ ಕುಳಿತವರಿಗೇ ಹೆಚ್ಚು ಗೊತ್ತಿರುತ್ತದೆ.

ಸಣ್ಣ ಪಾತ್ರಗಳು

ದೂತ, ಸಾರಥಿ, ದಾಸಿ ಮೊದಲಾದವರಿಗೆ ಪ್ರಸಂಗದಲ್ಲಿ ಒಂದೆರಡು ಪದ್ಯಗಳು ಮಾತ್ರ. ಹೊಸಬರ ಪಾಲಿಗೆ ಬರುವುದೂ ಇವೇ. ಆದರೆ ಕವಿಯ ದೃಷ್ಟಿಗೆ ಸಣ್ಣ ಪಾತ್ರವೆಂಬುದಿಲ್ಲ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಮಂಥರೆಯ ಕೇಡಿನ ಬೇರನ್ನು ಅವಳ ಮಮತೆಯಲ್ಲಿ ಕಂಡರು. ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಏಕಲವ್ಯನನ್ನು ನಡುವೆ ತಂದು ನಿಲ್ಲಿಸಿದರು. ಇದು ಪೂರ್ವವೃತ್ತವನ್ನು ಕಟ್ಟುವ ಕೆಲಸವೇ ಅಲ್ಲವೆ? ಮಂಥರೆಯ ಅರ್ಥ ಹೇಳುವವರು “ನಾನು ಕುಟಿಲೆ” ಎಂದು ಆರಂಭಿಸಬಾರದು. ತಾನು ಕುಟಿಲೆಯೆಂದು ಯಾವ ಮಂಥರೆಯೂ ತಿಳಿದಿರುವುದಿಲ್ಲ. ಅವಳು ಎತ್ತಿ ಆಡಿಸಿದ ಮಗುವೊಂದು ರಾಣಿಯಾಗಿದೆ. ಆ ಮಗುವಿಗೆ ಅನ್ಯಾಯವಾಗುತ್ತಿದೆ. ಅಲ್ಲಿಂದ ಹೊರಟರೆ ಕೈಕೇಯಿಯ ಪಾತ್ರಧಾರಿಗೂ ಮಾತು ಸುಲಭವಾಗುತ್ತದೆ.

ಪೂರ್ವವೃತ್ತದ ಮಿತಿ

ಇಷ್ಟೆಲ್ಲ ಕಟ್ಟಿಕೊಂಡ ಮೇಲೆ ಅದನ್ನೆಲ್ಲ ಪೀಠಿಕೆಯಲ್ಲಿಯೇ ಸುರಿದುಬಿಟ್ಟರೆ ಶ್ರಮ ವ್ಯರ್ಥ. ಪೀಠಿಕೆಯಲ್ಲಿ ಕಾಲು ಭಾಗವನ್ನು ತೋರಿಸಿ ಉಳಿದುದನ್ನು ಎದುರಾಳಿಯು ಪ್ರಶ್ನೆ ಕೇಳಿದಾಗ ಹೊರತೆಗೆಯಬೇಕು. ಸುಗ್ರೀವನ ಅರ್ಥಧಾರಿಯು “ಒಂದು ವರ್ಷ ಕಾದೆನಲ್ಲ, ಅಣ್ಣಾ” ಎಂದಾಗಲೇ ವಾಲಿಯ ಕತ್ತಲೆಯ ಮಾತು ಬರಬೇಕು. ಆಗ ಅದು ಉತ್ತರವಾಗುತ್ತದೆ. ಮೊದಲೇ ಬಂದರೆ ಭಾಷಣವಾಗುತ್ತದೆ. ಎದುರಿಗಿರುವವನಿಗೆ ಪ್ರಶ್ನೆ ಕೇಳಲು ಎಡೆಗೊಡದ ಪೂರ್ವವೃತ್ತವು ಎಷ್ಟು ಸುಂದರವಾಗಿದ್ದರೂ ಕೂಟಕ್ಕೆ ಒದಗುವುದಿಲ್ಲ.

ಇನ್ನೊಂದು ಮಿತಿಯೆಂದರೆ ಪ್ರಸಂಗದ ಗತಿ. ಪಶ್ಚಿಮದ ಆಟದಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ತಾಳಮದ್ದಳೆಯಲ್ಲಿ ಎಲ್ಲರಿಗೂ ಗೊತ್ತು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಸಾಯಲೇಬೇಕು. ಕರ್ಣನ ರಥದ ಗಾಲಿ ಹೂಳಲೇಬೇಕು. ಆದ್ದರಿಂದ ಪದ್ಯಕ್ಕೆ ವಿರುದ್ಧವಾದ ಪೂರ್ವವೃತ್ತವನ್ನು ಕಲ್ಪಿಸಿದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿದೊಡನೆ ಅದು ಕುಸಿದುಬೀಳುತ್ತದೆ. ಕೊನೆಯನ್ನು ಬದಲಿಸುವ ಅಧಿಕಾರ ನಮಗಿಲ್ಲ. ಆ ಕೊನೆಗೆ ಹೋಗುವ ಮನುಷ್ಯನು ಯಾರು ಎಂಬುದನ್ನು ಹೇಳುವ ಅಧಿಕಾರ ಮಾತ್ರ ಪೂರ್ತಿಯಾಗಿ ನಮ್ಮದು.

ಒಂದು ಅಭ್ಯಾಸ

ಕಲಿಯಬಯಸುವ ಮಿತ್ರರಿಗೆ ನಮ್ಮ ನೆಲದ್ದೇ ಆದ ಒಂದು ಪಾತ್ರವನ್ನು ಸೂಚಿಸುತ್ತೇನೆ. ಶೃಂಗೇರಿಗೆ ಆ ಹೆಸರು ಬಂದುದು ಋಷ್ಯಶೃಂಗನಿಂದ ಎಂದು ಪ್ರತೀತಿ. ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಯಿದೆ. ಮಳೆ ಬಾರದಾಗ ಜನರು ಅಲ್ಲಿ ಪೂಜೆ ಸಲ್ಲಿಸುತ್ತಾರೆ. ತಂದೆ ವಿಭಾಂಡಕನ ಹೊರತು ಬೇರೆ ಮನುಷ್ಯರನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಹುಡುಗ. ಬರದಿಂದ ಬೆಂದ ಅಂಗದೇಶಕ್ಕೆ ಮಳೆ ತರಿಸಲೆಂದು ಗಣಿಕೆಯರು ಅವನನ್ನು ಮರುಳುಗೊಳಿಸಿ ಕರೆದೊಯ್ಯುತ್ತಾರೆ. ಅರಸನ ಮಗಳು ಶಾಂತೆಯೊಡನೆ ಮದುವೆಯಾಗುತ್ತದೆ. ಮುಂದೆ ಕರ್ಣನು ಆಳಿದ ಅಂಗದೇಶವೂ ಇದೇ ಎಂಬುದನ್ನು ನೆನೆದರೆ ಕಥೆಗಳು ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ತಿಳಿಯುತ್ತದೆ.

ಈಗ ಅವನ ಪಾತ್ರವನ್ನು ಕಟ್ಟಿ ನೋಡಿರಿ. ಅವನು ಮರೆಯಲಾರದ ಘಟನೆ ಯಾವುದು: ಗಣಿಕೆಯನ್ನು ಕಂಡುದೋ, ಹೊಳೆ ದಾಟಿ ಕಾಡಿನ ಕಡೆಗೆ ಹಿಂದಿರುಗಿ ನೋಡಿದುದೋ? ಯಾರಿಗೆ ಋಣಿ: ಮೋಸದಿಂದ ಕರೆತಂದ ಊರಿಗೋ, ಬರಿದಾದ ಪರ್ಣಶಾಲೆಯಲ್ಲಿ ಮಗನನ್ನು ಹುಡುಕಿದ ತಂದೆಗೋ? ಬಾಯಿಬಿಟ್ಟು ಹೇಳಲಾರದುದು ಏನು? ಪೇಟೆಯನ್ನು ಕಾಣದವನಿಗೆ ಪೇಟೆಯ ಮಾತುಗಳು ತಿಳಿದಿರುವುದಿಲ್ಲ. ಆದ್ದರಿಂದ ಅರಮನೆಯನ್ನು ಅವನು ಯಾವ ಕಾಡಿನ ಮಾತಿನಿಂದ ವರ್ಣಿಸುವನು? ಹತ್ತು ನಿಮಿಷ ಈ ಪಾತ್ರವಾಗಿ ಮಾತನಾಡಿರಿ. ಗೆಳೆಯರೊಬ್ಬರು ವಿಭಾಂಡಕನಾಗಿ ಎದುರು ಕುಳಿತು “ಏಕೆ ಹೋದೆ?” ಎಂದು ಮಾತ್ರ ಕೇಳಲಿ.

ಕೊನೆಯದಾಗಿ ಒಂದು ಬಿನ್ನಹ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆಯಿಂದಾಗಿ ನಮ್ಮ ಕಾಲೇಜಿನ ಆಟದ ಮೈದಾನವು ಉಪಯೋಗಕ್ಕೆ ಬಾರದು. ವಾರಕ್ಕೊಂದು ಸಂಜೆ ಕನ್ನಡ ಸಂಘದ ಆಶ್ರಯದಲ್ಲಿ ಸಣ್ಣ ಕೂಟವನ್ನು ನಡೆಸಬಹುದು. ಇದಕ್ಕೆ ವೇಷದ ಖರ್ಚಿಲ್ಲ, ರಂಗದ ಖರ್ಚಿಲ್ಲ. ಒಂದು ಜಮಖಾನ, ಹಾಡುವವರೊಬ್ಬರು, ಮದ್ದಳೆಯವರೊಬ್ಬರು ಸಾಕು. ಮನೆಯಲ್ಲಿ ಅರ್ಥ ಹೇಳುವವರಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರು ದಾರಿ ತೋರಿಸಲಿ; ಕೇಳುವವರು ಮಾತ್ರ ಇರುವ ಮನೆಗಳಿಂದ ಬಂದವರಿಗೆ ಮೊದಲ ವರ್ಷದಲ್ಲಿಯೇ ಪಾತ್ರಗಳು ದೊರೆಯಲಿ. ಮುಂದಿನ ವರ್ಷ ನಾನು ಇಲ್ಲಿ ಇರುವುದಿಲ್ಲ. ಕೂಟವು ಆರಂಭವಾದರೆ ಅಪ್ಪನನ್ನು ಕರೆದುಕೊಂಡು ಕೇಳಲು ಬರುತ್ತೇನೆ.